ಗ್ರಾಫಿಕ್ಸ್ ಕಾರ್ಡ್ ಡ್ರೈವರ್ ಕೂರುತ್ತಿಲ್ಲವೇ? ಡ್ರೈವರ್ ಬಿಟ್ಟು ಮೊದಲು ಕಾರ್ಡ್ ನೋಡಿ

ಕಾರ್ಡ್ ಹಾಕಿದ್ದಾಯಿತು, ಅದನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್, ಅಂದರೆ ಡ್ರೈವರ್, ಡೌನ್‌ಲೋಡ್ ಮಾಡಿದ್ದೂ ಆಯಿತು. ಇನ್‌ಸ್ಟಾಲರ್ ಮಾತ್ರ ಅರ್ಧಕ್ಕೆ ಬಂದು "ಫೇಲ್ಡ್" ಎಂದು ಕೈಯೆತ್ತುತ್ತದೆ. ಆಗ ಬಹುತೇಕರು ಅದೇ ಫೈಲನ್ನು ಮತ್ತೊಮ್ಮೆ ಇಳಿಸಿ ಮತ್ತೊಮ್ಮೆ ಓಡಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ವಿಂಡೋಸನ್ನೇ ಫಾರ್ಮ್ಯಾಟ್ ಮಾಡುತ್ತಾರೆ. ಗುಡ್ಡ ಅಗೆದು ನೋಡಿದರೆ ಕೊನೆಗೆ ಸಿಗುವ ಇಲಿ ಯಾವುದು ಗೊತ್ತೇ? ಮಾನಿಟರ್ ಕೇಬಲ್ ತಪ್ಪು ಪೋರ್ಟಿನಲ್ಲಿರುವುದು, ಇಲ್ಲವೇ ಎಸ್‌ಎಂಪಿಎಸ್‌ನ (ಪಿಸಿಯ ಭಾಗಗಳಿಗೆ ವಿದ್ಯುತ್ ಕೊಡುವ ಡಬ್ಬಿ) ಒಂದು ವೈರ್ ಹಾಕದೇ ಬಿಟ್ಟಿರುವುದು.

ಡ್ರೈವರ್ ತೊಂದರೆ ಎಂದು ನಾವು ಕರೆಯುವುದರಲ್ಲಿ ಎರಡು ಬೇರೆ ಬೇರೆ ರೋಗಗಳಿವೆ. ಒಂದು, ವಿಂಡೋಸ್‌ಗೆ ಕಾರ್ಡೇ ಕಾಣುತ್ತಿಲ್ಲ. ಇನ್ನೊಂದು, ಕಾರ್ಡ್ ಕಾಣುತ್ತಿದೆ, ಆದರೆ ಡ್ರೈವರ್ ಒಪ್ಪುತ್ತಿಲ್ಲ. ಮೊದಲನೆಯದಕ್ಕೆ ಮದ್ದು ಸ್ಕ್ರೂಡ್ರೈವರ್, ಎರಡನೆಯದಕ್ಕೆ ಮೌಸ್. ಯಾವುದು ಎಂದು ತಿಳಿಯುವ ತನಕ ಯಾವ ಫೈಲನ್ನೂ ಡೌನ್‌ಲೋಡ್ ಮಾಡಬೇಡಿ. ಇಲ್ಲಿ ಹೇಳಿರುವುದು ಬಹುಮಟ್ಟಿಗೆ ವಿಂಡೋಸ್ 10 ಮತ್ತು 11ಕ್ಕೆ, ಮನೆಯ ಡೆಸ್ಕ್‌ಟಾಪ್‌ಗೆ ಸಂಬಂಧಿಸಿದ್ದು.

ಮೊದಲು ಹಿಂಬದಿ ನೋಡಿ

ನಮ್ಮಲ್ಲಿ "ಸಿಪಿಯು" ಎಂದೇ ಕರೆಯುವ ಆ ಡಬ್ಬಿಯನ್ನು ತಿರುಗಿಸಿ ಹಿಂಬದಿ ನೋಡಿ. ಮೇಲ್ಭಾಗದಲ್ಲಿ ಯುಎಸ್‌ಬಿ, ಆಡಿಯೋ ಪೋರ್ಟ್‌ಗಳ ಜೊತೆ ನೆಟ್ಟಗೆ ನಿಂತಿರುವ ಎಚ್‌ಡಿಎಂಐ ಮದರ್‌ಬೋರ್ಡಿನದು. ಕೆಳಗೆ ಅಡ್ಡಡ್ಡಲಾಗಿರುವ ಪೋರ್ಟ್‌ಗಳು ಗ್ರಾಫಿಕ್ಸ್ ಕಾರ್ಡಿನವು. ಮಾನಿಟರ್ ಕೇಬಲ್ ಕೆಳಗಿನದಕ್ಕೇ ಹೋಗಬೇಕು. ಮೇಲಿನದಕ್ಕೆ ಹಾಕಿದ್ದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಚಿತ್ರ ತೋರಿಸುತ್ತದೆ. ಡ್ರೈವರ್ ಸರಿಯಾಗಿ ಕೂತಿದ್ದರೂ ಗೇಮ್ ಮಾತ್ರ ತೆವಳುತ್ತದೆ. ಪ್ರೊಸೆಸರಿನಲ್ಲಿ ಗ್ರಾಫಿಕ್ಸೇ ಇಲ್ಲದಿದ್ದರೆ, ಉದಾಹರಣೆಗೆ ಇಂಟೆಲ್‌ನ 12400ಎಫ್‌ನಂತೆ ಹೆಸರಿನ ಕೊನೆಗೆ ಎಫ್ ಇರುವವು, ಮೇಲಿನ ಪೋರ್ಟ್‌ನಲ್ಲಿ ಏನೂ ಬರುವುದಿಲ್ಲ.

ಡಿವೈಸ್ ಮ್ಯಾನೇಜರ್ ಏನು ಹೇಳುತ್ತದೆ

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಡಿವೈಸ್ ಮ್ಯಾನೇಜರ್ ತೆರೆಯಿರಿ. "ಡಿಸ್‌ಪ್ಲೇ ಅಡಾಪ್ಟರ್ಸ್" ಸಾಲನ್ನು ಬಿಡಿಸಿದಾಗ ನಾಲ್ಕರಲ್ಲಿ ಒಂದು ಕಾಣುತ್ತದೆ.

ಕಾರ್ಡಿನ ಪೂರ್ತಿ ಹೆಸರಿದ್ದು ಹಳದಿ ತ್ರಿಕೋನ ಇಲ್ಲದಿದ್ದರೆ ಡ್ರೈವರ್ ಕೂತಿದೆ, ತೊಂದರೆ ಬೇರೆಡೆ ಇದೆ. "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಎಂದಿದ್ದರೆ ಕಾರ್ಡ್ ಕಾಣುತ್ತಿದೆ, ಡ್ರೈವರ್ ಇಲ್ಲ. ಈ ಸ್ಥಿತಿಯಲ್ಲಿ ರೆಸಲ್ಯೂಷನ್ ಬದಲಾಗುವುದಿಲ್ಲ, ಅಕ್ಷರಗಳು ದಪ್ಪ ದಪ್ಪ ಕಾಣುತ್ತವೆ, ಯೂಟ್ಯೂಬ್ ಕೂಡ ಎಳೆದಾಡುತ್ತದೆ. ಹೆಸರಿದ್ದೂ ಹಳದಿ ತ್ರಿಕೋನ ಇದ್ದರೆ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿ "ಡಿವೈಸ್ ಸ್ಟೇಟಸ್" ಪೆಟ್ಟಿಗೆಯ ಕೋಡ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಾರ್ಡಿನ ಸುಳಿವೇ ಇಲ್ಲ, ಬರೀ ಇಂಟೆಲ್ ಅಥವಾ ರೇಡಿಯಾನ್‌ನ ಒಳಗ್ರಾಫಿಕ್ಸ್ ಮಾತ್ರ ಇದೆ ಎಂದಾದರೆ ಡ್ರೈವರ್ ವಿಚಾರ ಪಕ್ಕಕ್ಕಿಡಿ, ಡಬ್ಬಿ ತೆರೆಯಬೇಕು.

ಕೋಡ್‌ಗಳಲ್ಲಿ ನೆನಪಿಡಬೇಕಾದವು ಕೆಲವೇ. 28 ಎಂದರೆ ಡ್ರೈವರ್ ಹಾಕಿಯೇ ಇಲ್ಲ. 22 ಎಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ರೈಟ್ ಕ್ಲಿಕ್ ಮಾಡಿ ಎನೇಬಲ್ ಮಾಡಿದರೆ ಮುಗಿಯಿತು. 14 ಎಂದರೆ ರೀಸ್ಟಾರ್ಟ್ ಬಾಕಿ ಇದೆ. ಇಲ್ಲೊಂದು ಸೂಕ್ಷ್ಮ ಇದೆ: ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ರೀಸ್ಟಾರ್ಟ್‌ಗೆ ಸಮವಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ವೇಳೆ ವಿಂಡೋಸ್ ತನ್ನ ಕರ್ನಲ್ (ಒಳತಿರುಳು) ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಹಾಗಾಗಿ ಮೆನುವಿನ "ರೀಸ್ಟಾರ್ಟ್" ಅನ್ನೇ ಒತ್ತಿ. 12 ಬಂದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಕೆಲಸವಿದೆ. 52 ಎಂದರೆ ಡ್ರೈವರ್ ಫೈಲಿನ ಡಿಜಿಟಲ್ ಸಹಿ ಸರಿ ಇಲ್ಲ, ಅಂದರೆ ಯಾರೋ ತಿದ್ದಿದ ಇಲ್ಲವೇ ಹಾಳಾದ ಡ್ರೈವರ್ ನಿಮ್ಮ ಕೈಗೆ ಸಿಕ್ಕಿರಬಹುದು. 43ರ ಕಥೆ ದೊಡ್ಡದು, ಅದಕ್ಕೆ ಮುಂದೆ ಬರೋಣ.

ಕಾರ್ಡಿನ ಜಾತಕ ಓದುವುದು

ಡಬ್ಬಿಯ ಮೇಲಿನ ಹೆಸರನ್ನೂ ಮಾರಿದವರ ಮಾತನ್ನೂ ನಂಬಬೇಡಿ. ಕಾರ್ಡಿನ ಚಿಪ್ ತಾನೇ ಹೇಳುವ ಗುರುತು ಒಂದಿದೆ, ಅದು ಹಾರ್ಡ್‌ವೇರ್ ಐಡಿ. ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್ ಟ್ಯಾಬ್, ಪಟ್ಟಿಯಲ್ಲಿ "ಹಾರ್ಡ್‌ವೇರ್ ಐಡೀಸ್" ಆರಿಸಿ. ಉದ್ದನೆಯ ಸಾಲಿನಲ್ಲಿ "ವೆನ್" ನಂತರ ನಾಲ್ಕು ಅಕ್ಷರ, "ಡೆವ್" ನಂತರ ನಾಲ್ಕು ಅಕ್ಷರ ಇರುತ್ತವೆ. ವೆನ್ ಎಂದರೆ ತಯಾರಕರು: 10ಡಿಇ ಎನ್‌ವಿಡಿಯಾ, 1002 ಎಎಂಡಿ, 8086 ಇಂಟೆಲ್. ಡೆವ್ ಎಂದರೆ ನಿರ್ದಿಷ್ಟ ಚಿಪ್. ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದು ತೋರಿಸುವಾಗಲೂ ಈ ಸಾಲು ನಿಜವಾದ ಕಾರ್ಡಿನದ್ದೇ.

ಇದು ಎಷ್ಟು ಮುಖ್ಯ ಎನ್ನುವುದಕ್ಕೆ ಜಿಟಿ 730 ಒಂದೇ ಸಾಕು. ಬಜೆಟ್ ಪಿಸಿಗಳಲ್ಲಿ ಎಲ್ಲೆಲ್ಲೂ ಸಿಗುವ ಕಾರ್ಡ್ ಇದು. ಹೆಸರು ಒಂದೇ, ಒಳಗಿನ ಚಿಪ್ ಮಾತ್ರ ಎರಡು ತರಹ. ಡೆವ್ 1287 ಇದ್ದರೆ ಕೆಪ್ಲರ್ ಪೀಳಿಗೆ, 0ಎಫ್02 ಇದ್ದರೆ ಅದಕ್ಕೂ ಹಳೆಯ ಫರ್ಮಿ ಪೀಳಿಗೆ. ಫರ್ಮಿಗೆ ಎನ್‌ವಿಡಿಯಾ ಕೊಟ್ಟ ಕೊನೆಯ ಡ್ರೈವರ್ 2018ರ 391.35. ಕೆಪ್ಲರ್‌ಗೆ 470ರ ಸರಣಿಯವು ನಡೆಯುತ್ತವೆ. ಸ್ನೇಹಿತನ ಜಿಟಿ 730ಗೆ ಸರಾಗವಾಗಿ ಕೂತ ಫೈಲು ನಿಮ್ಮ ಜಿಟಿ 730ರಲ್ಲಿ "ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ" ಎಂದರೆ ಕಾರಣ ಇದೇ. ಇಂಟರ್‌ನೆಟ್ಟನ್ನಾಗಲಿ ಆಂಟಿವೈರಸ್ಸನ್ನಾಗಲಿ ಬೈದು ಪ್ರಯೋಜನವಿಲ್ಲ.

ಕಾರ್ಡ್ ಕಾಣುತ್ತಲೇ ಇಲ್ಲ ಎಂದರೆ

ಪಿಸಿ ಆಫ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಬಟನ್ ಅನ್ನು 10 ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಚಾರ್ಜ್ ಇಳಿಯುತ್ತದೆ. ಒಳಗೆ ಕೈ ಹಾಕುವ ಮುನ್ನ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ.

ಕಾರ್ಡಿನ ಅಂಚಿನಲ್ಲಿ 6 ಅಥವಾ 8 ಪಿನ್ನಿನ ಪವರ್ ಸಾಕೆಟ್ ಇದೆಯೇ ನೋಡಿ. ಇದ್ದರೆ ಅದಕ್ಕೆ ಎಸ್‌ಎಂಪಿಎಸ್‌ನಿಂದ ವೈರ್ ಬಂದಿರಲೇಬೇಕು. ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ಇನ್ನೊಂದು 75, 8 ಪಿನ್ 150 ವ್ಯಾಟ್ ಸೇರಿಸುತ್ತವೆ. ಜಿಟಿಎಕ್ಸ್ 1050 ಟಿಐನ ಮೂಲ ವಿನ್ಯಾಸ 75 ವ್ಯಾಟಿನದು, ಅದಕ್ಕೆ ಸ್ಲಾಟ್ ಒಂದೇ ಸಾಕು. ಆರ್‌ಟಿಎಕ್ಸ್ 3060ಕ್ಕೆ 170 ವ್ಯಾಟ್ ಬೇಕು, ಎನ್‌ವಿಡಿಯಾ ಅದಕ್ಕೆ 550 ವ್ಯಾಟಿನ ಎಸ್‌ಎಂಪಿಎಸ್ ಹೇಳುತ್ತದೆ. ಆರ್‌ಎಕ್ಸ್ 580 185 ವ್ಯಾಟ್ ಎಳೆಯುತ್ತದೆ, ಅದಕ್ಕೆ 500 ವ್ಯಾಟಿನದು ಬೇಕು. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಎಸ್‌ಎಂಪಿಎಸ್‌ಗಳ ಮೇಲೆ 450 ಎಂದು ಬರೆದಿದ್ದರೂ ನೋಡಬೇಕಾದ್ದು ಪಕ್ಕದ ಸ್ಟಿಕ್ಕರಿನಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್. ಅದನ್ನು 12ರಿಂದ ಗುಣಿಸಿ. ಅಲ್ಲಿ 18 ಆಂಪಿಯರ್ ಎಂದಿದ್ದರೆ ಸಿಗುವುದು 216 ವ್ಯಾಟ್ ಮಾತ್ರ. ಪ್ರೊಸೆಸರಿಗೂ ಅದೇ ಸಾಲಿನಿಂದಲೇ ಹೋಗಬೇಕು.

ಪ್ರೊಸೆಸರಿಗೆ ಹೋಗುವ 8 ಪಿನ್ ವೈರ್ ಮತ್ತು ಗ್ರಾಫಿಕ್ಸ್ ಕಾರ್ಡಿನ 8 ಪಿನ್ ವೈರ್ ನೋಡಲು ಒಂದೇ ತರಹ, ಆದರೆ ಒಳಗಿನ ಜೋಡಣೆ ತಿರುಗುಮುರುಗು. ಪ್ರೊಸೆಸರಿನದು ಸಾಮಾನ್ಯವಾಗಿ 4+4 ಆಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದು 6+2. ಕೂರುತ್ತಿಲ್ಲ ಎಂದು ಬಲ ಹಾಕಿ ಒತ್ತಿದರೆ ಕಾರ್ಡ್ ಸುಟ್ಟೇ ಹೋಗುತ್ತದೆ.

ನಂತರ ಕಾರ್ಡನ್ನು ಸ್ಲಾಟಿನಿಂದ ತೆಗೆದು ಮತ್ತೆ ಕೂರಿಸಿ. ಸ್ಲಾಟಿನ ತುದಿಯ ಚಿಲಕ "ಟಿಕ್" ಎನ್ನಬೇಕು. ಚಿನ್ನದ ಬಣ್ಣದ ಅಂಚು ಮಬ್ಬಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ನೂಲಿನ ಬಟ್ಟೆಯಲ್ಲಿ ಒರೆಸಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಕಳೆದ ಮೇಲೆ ಇದೊಂದೇ ಕೆಲಸಕ್ಕೆ ಸತ್ತ ಕಾರ್ಡ್ ಎದ್ದು ಕೂರುವುದುಂಟು. ಪ್ರೊಸೆಸರಿಗೆ ಹತ್ತಿರದ ಮೇಲಿನ ಉದ್ದ ಸ್ಲಾಟನ್ನೇ ಬಳಸಿ. ಕೆಳಗಿನ ಉದ್ದ ಸ್ಲಾಟ್ ಎಷ್ಟೋ ಬೋರ್ಡ್‌ಗಳಲ್ಲಿ ಒಳಗೆ 4 ಲೇನ್ (ಡೇಟಾ ಓಡಾಡುವ ದಾರಿ) ಮಾತ್ರ ಇರುತ್ತದೆ.

ಹಾಗೂ ಕಾಣದಿದ್ದರೆ ಬಯಾಸ್. ಹಳೆಯ ಬೋರ್ಡಿನಲ್ಲಿ ಹೊಸ ಕಾರ್ಡ್ ಹಾಕಿದ್ದರೆ, ಅಥವಾ ಕೋಡ್ 12 ಬಂದಿದ್ದರೆ, ಅಲ್ಲಿನ "ಅಬೌವ್ 4ಜಿ ಡಿಕೋಡಿಂಗ್" ಎಂಬ ಆಯ್ಕೆ ಆನ್ ಮಾಡಿ. ಹೊಸ ಬೋರ್ಡಿನಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಕಾರ್ಡ್ ಹಾಕಿದ್ದರೆ ತೊಂದರೆ ಉಲ್ಟಾ: ಆ ಕಾಲದ ಎಷ್ಟೋ ಕಾರ್ಡ್‌ಗಳಿಗೆ ಯುಇಎಫ್‌ಐ (ಹೊಸ ಬಗೆಯ ಬಯಾಸ್) ಬೆಂಬಲವಿಲ್ಲ, ಹಳೆಯ ಬಗೆಯನ್ನು ನಡೆಸಿಕೊಡುವ "ಸಿಎಸ್‌ಎಂ" ಆಯ್ಕೆ ಆಫ್ ಇದ್ದರೆ ಪರದೆ ಕಪ್ಪಗೇ ಇರುತ್ತದೆ. ಬೋರ್ಡಿನಲ್ಲಿ ಸಿಎಸ್‌ಎಂ ಆಯ್ಕೆಯೇ ಇಲ್ಲದಿದ್ದರೆ ಆ ಕಾರ್ಡ್ ಆ ಬೋರ್ಡಿಗಲ್ಲ, ಅಷ್ಟೇ.

ಕಾರ್ಡ್ ಕಾಣುತ್ತದೆ, ಇನ್‌ಸ್ಟಾಲರ್ ಒಪ್ಪುತ್ತಿಲ್ಲ

ಇಲ್ಲಿ ಹೆಚ್ಚಿನ ತಪ್ಪು "ಲೇಟೆಸ್ಟ್" ಎಂಬ ಪದದ ಮೋಹದಿಂದ ಆಗುತ್ತದೆ. ಎಲ್ಲ ಕಾರ್ಡಿಗೂ ಇತ್ತೀಚಿನ ಡ್ರೈವರ್ ನಡೆಯುವುದಿಲ್ಲ. ಎನ್‌ವಿಡಿಯಾದಲ್ಲಿ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ಪೀಳಿಗೆಗೆ, ಅಂದರೆ ಜಿಟಿಎಕ್ಸ್ 750 ಟಿಐ, 900 ಸರಣಿ, ಜಿಟಿ 1030, ಜಿಟಿಎಕ್ಸ್ 1050ರಿಂದ 1080ರವರೆಗೆ, ಗೇಮ್ ರೆಡಿ ಎಂಬ ಮಾಮೂಲಿ ಡ್ರೈವರ್ 2025ರ ಅಕ್ಟೋಬರ್ ಹೊತ್ತಿಗೆ 580ರ ಸರಣಿಯೊಂದಿಗೆ ಮುಗಿಯಿತು. ಭದ್ರತಾ ಅಪ್‌ಡೇಟ್‌ಗಳನ್ನು ಮಾತ್ರ 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಕಂಪನಿ ಹೇಳಿದೆ. 590ರ ಸರಣಿಯ ಫೈಲನ್ನು 1050 ಟಿಐ ಮೇಲೆ ಓಡಿಸಿದರೆ ಒಪ್ಪುವುದಿಲ್ಲ. ಜಿಟಿಎಕ್ಸ್ 1650, 1660 ಹೆಸರಿನಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಟ್ಯೂರಿಂಗ್ ಪೀಳಿಗೆಯವು, ಅವಕ್ಕೆ ಹೊಸ ಡ್ರೈವರ್ ನಡೆಯುತ್ತದೆ.

ಎಎಂಡಿಯಲ್ಲಿ ಎಚ್‌ಡಿ 7000, ಆರ್9 200 ಮತ್ತು 300 ಸರಣಿಗಳು 2021ರ ಜೂನ್‌ನಲ್ಲೇ ಹಳೆಯವರ ಪಟ್ಟಿಗೆ ಸೇರಿದವು. ಆರ್‌ಎಕ್ಸ್ 400, 500 ಮತ್ತು ವೇಗಾ ಕಾರ್ಡ್‌ಗಳಿಗೆ 2023ರ ಕೊನೆಯಿಂದ ಬೇರೆಯದೇ ಪ್ಯಾಕೇಜ್ ಇದೆ. ಹಾಗಾಗಿ ತಯಾರಕರ ತಾಣದಲ್ಲಿ ಮುಖಪುಟದ ದೊಡ್ಡ ಬಟನ್ ಒತ್ತದೆ, ಕಾರ್ಡಿನ ಮಾದರಿ ಆರಿಸಿ ಬರುವ ಪುಟದಿಂದಲೇ ಇಳಿಸಿ. ಎಎಂಡಿ ಇನ್‌ಸ್ಟಾಲರ್ ಒಂದು ಒಳ್ಳೆಯ ಕೆಲಸ ಮಾಡುತ್ತದೆ, ಸೋತಾಗ ಸಂಖ್ಯೆ ಕೊಡುತ್ತದೆ. 173 ಎಂದರೆ ಎಎಂಡಿ ಕಾರ್ಡೇ ಕಾಣಲಿಲ್ಲ, ಹಿಂದಿನ ಭಾಗಕ್ಕೆ ಹೋಗಿ. 182 ಎಂದರೆ ಕಾರ್ಡ್ ಕಂಡಿತು, ಈ ಪ್ಯಾಕೇಜ್ ಅದಕ್ಕಲ್ಲ. 184 ಎಂದರೆ ನಿಮ್ಮ ವಿಂಡೋಸ್‌ಗೆ ಇದು ಹೊಂದದು. 195 ಎಂದರೆ ಸರ್ವರ್ ಸಿಗುತ್ತಿಲ್ಲ, ಸಣ್ಣ ಆಟೋ ಡಿಟೆಕ್ಟ್ ಫೈಲ್ ಬಿಟ್ಟು ಪೂರ್ತಿ ಪ್ಯಾಕೇಜನ್ನೇ ಇಳಿಸಿ. 1603 ಎಂದರೆ ಹಾಕುವ ಕೆಲಸ ನಡುವೆ ಮುರಿದುಬಿತ್ತು: ಬಾಕಿ ಇರುವ ವಿಂಡೋಸ್ ಅಪ್‌ಡೇಟ್ ಮುಗಿಸಿ, ರೀಸ್ಟಾರ್ಟ್ ಮಾಡಿ, ಆಂಟಿವೈರಸ್ ತಾತ್ಕಾಲಿಕವಾಗಿ ನಿಲ್ಲಿಸಿ ಮತ್ತೆ ಪ್ರಯತ್ನಿಸಿ.

ವಿಂಡೋಸಿನ ಆವೃತ್ತಿಯನ್ನೂ ಒಮ್ಮೆ ನೋಡಿಬಿಡಿ: ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್. "32-ಬಿಟ್" ಎಂದು ಬರೆದಿದ್ದರೆ ಎನ್‌ವಿಡಿಯಾದ ಹೊಸ ಡ್ರೈವರ್ ಆಸೆ ಬಿಡಿ, 390ರ ಸರಣಿಯ ನಂತರ 32-ಬಿಟ್‌ಗೆ ಅವರು ಡ್ರೈವರ್ ಮಾಡುತ್ತಿಲ್ಲ.

ಬ್ರ್ಯಾಂಡೆಡ್ ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಡ್ರೈವರ್ ಹಾಕುವಾಗ "ಈ ಕಂಪ್ಯೂಟರಿಗೆ ಪರೀಕ್ಷಿಸಿಲ್ಲ" ಎಂಬ ಸಂದೇಶ ಬಂದರೆ ಲ್ಯಾಪ್‌ಟಾಪ್ ಕಂಪನಿಯ ತಾಣದ ಡ್ರೈವರನ್ನೇ ಹಾಕಿ. ಅದರ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ.

ಇನ್ನು "ಡ್ರೈವರ್ ಅಪ್‌ಡೇಟರ್", "ಡ್ರೈವರ್ ಬೂಸ್ಟರ್" ಹೆಸರಿನಲ್ಲಿ ತೇಲಿ ಬರುವ ಜಾಹೀರಾತುಗಳು. ಅವುಗಳಿಂದ ಹೊಸದಾಗಿ ಸಿಗುವುದು ಏನೂ ಇಲ್ಲ. ಹಾಕಿದ್ದರೆ ತೆಗೆದು ಮುಂದುವರಿಯಿರಿ.

ಗುಡಿಸಿ ಸಾರಿಸಿ ಹೊಸದಾಗಿ ಹಾಕುವುದು

ಸರಿಯಾದ ಫೈಲು, ಸರಿಯಾದ ಕಾರ್ಡು, ಆದರೂ ಇನ್‌ಸ್ಟಾಲರ್ ಸೋಲುತ್ತಿದೆ ಎಂದಾಗ ತಪ್ಪು ಸಾಮಾನ್ಯವಾಗಿ ಹಳೆಯ ಡ್ರೈವರಿನ ಅವಶೇಷಗಳದ್ದು. ಕಾರ್ಡ್ ಬದಲಿಸಿದಾಗ, ಅದರಲ್ಲೂ ಎನ್‌ವಿಡಿಯಾದಿಂದ ಎಎಂಡಿಗೆ ಅಥವಾ ಎಎಂಡಿಯಿಂದ ಎನ್‌ವಿಡಿಯಾಕ್ಕೆ ಹೋದಾಗ, ಇದು ಹೆಚ್ಚು. ಅರ್ಧ ಇನ್‌ಸ್ಟಾಲ್ ಆಗಿದ್ದಾಗ ಕರೆಂಟ್ ಹೋಗಿದ್ದರೆ ಇನ್ನೂ ಹೆಚ್ಚು. ಕಂಟ್ರೋಲ್ ಪ್ಯಾನೆಲ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿದರೆ ಹೊರಗಿನ ಕಸ ಹೋಗುತ್ತದೆ, ವಿಂಡೋಸಿನ ಡ್ರೈವರ್ ಸ್ಟೋರ್‌ನೊಳಗಿನದು ಉಳಿದುಬಿಡಬಹುದು. ಅದಕ್ಕೆಂದೇ ಇರುವುದು ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್. ಎಲ್ಲರೂ ಕರೆಯುವುದು ಡಿಡಿಯು ಎಂದು. ವ್ಯಾಗ್ನಾರ್ಡ್‌ಸಾಫ್ಟ್‌ನವರು ಉಚಿತವಾಗಿ ಕೊಡುವ ಸಾಧನ, ಅವರ ತಾಣದಿಂದಲೇ ಇಳಿಸಿ.

ಈ ಕೆಲಸದಲ್ಲಿ ಕ್ರಮ ತಪ್ಪಿದರೆ ಫಲವಿಲ್ಲ. ಹಾಗಾಗಿ ಒಂದೊಂದಾಗಿ:

1. ಹೊಸ ಡ್ರೈವರ್ ಫೈಲ್ ಮತ್ತು ಡಿಡಿಯು ಎರಡನ್ನೂ ಮೊದಲೇ ಇಳಿಸಿ ಡೆಸ್ಕ್‌ಟಾಪ್‌ನಲ್ಲಿಡಿ. ಡಿಡಿಯು ಬಿಚ್ಚಿ ಒಂದು ಫೋಲ್ಡರಿನಲ್ಲಿರಲಿ. ಸಿ ಡ್ರೈವ್‌ನಲ್ಲಿ ಕನಿಷ್ಠ 5 ಜಿಬಿ ಖಾಲಿ ಇರಲಿ, ಇನ್‌ಸ್ಟಾಲರ್ ಬಿಚ್ಚಿಕೊಳ್ಳಲು ಜಾಗ ಬೇಕು.

2. ಲ್ಯಾನ್ ಕೇಬಲ್ ಕಿತ್ತುಬಿಡಿ, ವೈಫೈ ಇದ್ದರೆ ಆಫ್ ಮಾಡಿ. ಇದನ್ನು ಬಿಡುವವರೇ ಹೆಚ್ಚು, ಸೋಲುವುದೂ ಇಲ್ಲೇ. ಹಳೆಯ ಡ್ರೈವರ್ ಹೋದೊಡನೆ ವಿಂಡೋಸ್ ಅಪ್‌ಡೇಟ್ "ಇಲ್ಲೊಂದು ಡ್ರೈವರ್ ಇಲ್ಲದ ಕಾರ್ಡ್ ಇದೆ" ಎಂದು ಗುರುತಿಸಿ, ಸದ್ದಿಲ್ಲದೆ ತನ್ನದೊಂದನ್ನು ಹಾಕಲು ಶುರು ಮಾಡುತ್ತದೆ. ಅದೇ ಹೊತ್ತಿಗೆ ನೀವು ನಿಮ್ಮ ಇನ್‌ಸ್ಟಾಲರ್ ಓಡಿಸುತ್ತೀರಿ. ಒಂದೇ ಬಾಗಿಲಲ್ಲಿ ಇಬ್ಬರು ನುಗ್ಗಿದಂತೆ, ಇಬ್ಬರೂ ಸಿಕ್ಕಿಹಾಕಿಕೊಳ್ಳುತ್ತಾರೆ.

3. ಸೇಫ್ ಮೋಡ್‌ಗೆ, ಅಂದರೆ ವಿಂಡೋಸ್ ಅತ್ಯಗತ್ಯ ಡ್ರೈವರ್‌ಗಳೊಂದಿಗೆ ಮಾತ್ರ ಏಳುವ ಸ್ಥಿತಿಗೆ, ಹೋಗಿ. ಸ್ಟಾರ್ಟ್ ಮೆನುವಿನಲ್ಲಿ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿ.

4. ಡಿಡಿಯು ತೆರೆಯಿರಿ. ಬಲಗಡೆ ಮೇಲಿನ ಪಟ್ಟಿಯಲ್ಲಿ "ಜಿಪಿಯು", ಅದರ ಕೆಳಗೆ ತೆಗೆಯಬೇಕಾದ ಕಂಪನಿಯ ಹೆಸರು ಆರಿಸಿ. "ಕ್ಲೀನ್ ಅಂಡ್ ರೀಸ್ಟಾರ್ಟ್" ಒತ್ತಿ. ಕಾರ್ಡ್ ಬದಲಿಸುವವರಾದರೆ "ಕ್ಲೀನ್ ಅಂಡ್ ಶಟ್‌ಡೌನ್" ಒತ್ತಿ, ಆಫ್ ಆದ ಮೇಲೆ ಹೊಸ ಕಾರ್ಡ್ ಹಾಕಿ.

5. ವಿಂಡೋಸ್ ಎಂದಿನಂತೆ ಬರುತ್ತದೆ, ದಪ್ಪ ಅಕ್ಷರದಲ್ಲಿ. ನೆಟ್ ಇನ್ನೂ ಕಿತ್ತೇ ಇರಲಿ. ಇನ್‌ಸ್ಟಾಲರ್ ಮೇಲೆ ರೈಟ್ ಕ್ಲಿಕ್ ಮಾಡಿ "ರನ್ ಆಸ್ ಅಡ್ಮಿನಿಸ್ಟ್ರೇಟರ್" ಆರಿಸಿ. ಎನ್‌ವಿಡಿಯಾದಲ್ಲಿ ಜೊತೆಗೆ ಬರುವ ಆ್ಯಪ್ ಬಿಟ್ಟು ಬರೀ ಡ್ರೈವರ್ ಆರಿಸಿ, "ಕಸ್ಟಮ್" ಒತ್ತಿ, "ಕ್ಲೀನ್ ಇನ್‌ಸ್ಟಾಲೇಶನ್" ಪೆಟ್ಟಿಗೆಗೆ ಟಿಕ್ ಹಾಕಿ. ಎಎಂಡಿಯಲ್ಲಿ "ಡ್ರೈವರ್ ಓನ್ಲಿ" ಆರಿಸಿ. ಆ್ಯಪ್‌ಗಳನ್ನು ಎಲ್ಲ ಸರಿಯಾದ ಮೇಲೆ ಬೇಕಿದ್ದರೆ ಹಾಕಿಕೊಳ್ಳಬಹುದು.

6. ಪರದೆ ಒಂದೆರಡು ಸಲ ಪೂರ್ತಿ ಕಪ್ಪಾಗಿ ಮತ್ತೆ ಬರುತ್ತದೆ. ಅದು ಹಳೆಯ ಡಿಸ್‌ಪ್ಲೇ ಬಿಟ್ಟು ಹೊಸದಕ್ಕೆ ಹೊರಳುವ ಕ್ಷಣ. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತುವವರೇ ಅರ್ಧಕ್ಕರ್ಧ ತೊಂದರೆ ತಂದುಕೊಳ್ಳುವವರು. 5 ನಿಮಿಷ ಸುಮ್ಮನೆ ಕಾಯಿರಿ.

7. ರೀಸ್ಟಾರ್ಟ್ ಮಾಡಿ, ಡಿವೈಸ್ ಮ್ಯಾನೇಜರ್ ನೋಡಿ, ಆಮೇಲೆ ಲ್ಯಾನ್ ಕೇಬಲ್ ಹಾಕಿ.

ಸೇಫ್ ಮೋಡ್‌ನಲ್ಲಿ ಎರಡು ಹೊಂಡಗಳಿವೆ, ಬೀಳುವ ಮುನ್ನ ತಿಳಿದಿರಲಿ. ಮೊದಲನೆಯದು, ದಿನವೂ ನಾಲ್ಕಂಕಿ ಪಿನ್ ಹಾಕಿ ಒಳಗೆ ಹೋಗುವ ಅಭ್ಯಾಸ. ಸೇಫ್ ಮೋಡ್‌ನಲ್ಲಿ ಪಿನ್ ಕೆಲವೊಮ್ಮೆ ಕೆಲಸ ಮಾಡದೆ ಪಾಸ್‌ವರ್ಡನ್ನೇ ಕೇಳುತ್ತದೆ. ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡ್ ಮೊದಲೇ ಚೀಟಿಯಲ್ಲಿ ಬರೆದಿಡಿ. ಇದೇ ಕಾರಣಕ್ಕೆ ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್ ಸಾಧನದಲ್ಲಿ "ಸೇಫ್ ಬೂಟ್" ಟಿಕ್ ಮಾಡುವ ದಾರಿ ಬೇಡ. ಆ ಟಿಕ್ ತೆಗೆಯುವ ತನಕ ಪ್ರತಿಸಲ ಸೇಫ್ ಮೋಡೇ ಬರುತ್ತದೆ, ಪಾಸ್‌ವರ್ಡ್ ಗೊತ್ತಿಲ್ಲದವರು ಒಳಗೂ ಹೋಗಲಾರರು, ಹೊರಗೂ ಬರಲಾರರು. ಎರಡನೆಯದು ಬಿಟ್‌ಲಾಕರ್, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ. ವಿಂಡೋಸ್ 11ರ ಎಷ್ಟೋ ಪಿಸಿಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದು ಮನೆಯವರಿಗೇ ಗೊತ್ತಿರುವುದಿಲ್ಲ. ನೀಲಿ ಪರದೆಯ ದಾರಿಯಲ್ಲೂ, ಬಯಾಸ್ ಸೆಟ್ಟಿಂಗ್ ಬದಲಿಸಿದಾಗಲೂ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಉಳಿದಿರುತ್ತದೆ. ಮೊಬೈಲಿನಲ್ಲಿ ಲಾಗಿನ್ ಆಗಿ ಕೀ ಕಾಣುತ್ತಿದೆಯೇ ಎಂದು ನೋಡಿದ ಮೇಲೆಯೇ ಕೆಲಸ ಶುರು ಮಾಡಿ.

ಯುಪಿಎಸ್ ಇದ್ದರೆ ಅದರ ಬ್ಯಾಟರಿ ಚೆನ್ನಾಗಿದೆಯೇ ನೋಡಿ. ಮನೆಯ ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಗೇಮ್ ಆಡುವಾಗ ಅದು ಸಾಲದಿರಬಹುದು, ಆದರೆ ಡ್ರೈವರ್ ಹಾಕುವಾಗ ಪಿಸಿ ಅಷ್ಟೇನೂ ಎಳೆಯುವುದಿಲ್ಲ. ಹತ್ತು ನಿಮಿಷ ಹಿಡಿದರೆ ಸಾಕು. ಯುಪಿಎಸ್ ಇಲ್ಲದವರು ಲೋಡ್ ಶೆಡ್ಡಿಂಗ್ ವೇಳೆ ತಪ್ಪಿಸಿ ಕೂರುವುದು ಜಾಣತನ.

ಹಾಕಿದ ಮರುದಿನ ಡ್ರೈವರ್ ತಾನಾಗಿಯೇ ಹಳೆಯ ಆವೃತ್ತಿಗೆ ಮರಳಿದ್ದರೆ ಅದೂ ವಿಂಡೋಸ್ ಅಪ್‌ಡೇಟಿನ ಕೈಚಳಕ. ಸ್ಟಾರ್ಟ್‌ನಲ್ಲಿ "ಡಿವೈಸ್ ಇನ್‌ಸ್ಟಾಲೇಶನ್ ಸೆಟ್ಟಿಂಗ್ಸ್" ಹುಡುಕಿ "ನೋ" ಆರಿಸಿ ಉಳಿಸಿ, ಮತ್ತೆ ಮೇಲಿನ ಕ್ರಮ ಅನುಸರಿಸಿ. ಯಾವ ಆವೃತ್ತಿ ಕೂತಿದೆ ಎಂದು ಓದುವ ಬಗೆ ಹೀಗೆ: ಎನ್‌ವಿಡಿಯಾಕ್ಕೆ ಡಿವೈಸ್ ಮ್ಯಾನೇಜರ್ 32.0.15.8157 ಎಂಬಂಥ ಸಂಖ್ಯೆ ತೋರಿಸುತ್ತದೆ. ಚುಕ್ಕಿಗಳನ್ನು ಮರೆತು ಕೊನೆಯ ಐದು ಅಂಕಿ ನೋಡಿ, 58157, ಅಂದರೆ 581.57.

ಕೋಡ್ 43

"ಈ ಸಾಧನ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಇದನ್ನು ನಿಲ್ಲಿಸಿದೆ" ಎನ್ನುವುದು ಇದರ ಸಾರ. ಡ್ರೈವರ್ ಕೂತಿತು, ಕಾರ್ಡನ್ನು ಎಬ್ಬಿಸಿತು, ಕಾರ್ಡ್ ಸರಿಯಾಗಿ ಉತ್ತರ ಕೊಡಲಿಲ್ಲ. ಒಮ್ಮೆ ಡಿಡಿಯು ಮಾಡಿ ನೋಡಿ. ಹೋಗದಿದ್ದರೆ ಎರಡು ಅನುಮಾನ ಇಟ್ಟುಕೊಳ್ಳಿ.

ಒಂದು, ತಿದ್ದಿದ ಬಯಾಸ್. ಇದು ಮದರ್‌ಬೋರ್ಡಿನದಲ್ಲ, ಕಾರ್ಡಿನೊಳಗೇ ಇರುವ ಅದರ ಸ್ವಂತ ಪುಟ್ಟ ಪ್ರೋಗ್ರಾಂ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಡಿಜಿಟಲ್ ಹಣದ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ಅದನ್ನು ಗಳಿಸುವುದು) ನಿಂತ ಮೇಲೆ ರಾಶಿ ರಾಶಿ ಆರ್‌ಎಕ್ಸ್ 570, 580 ಕಾರ್ಡ್‌ಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. ಮೈನಿಂಗ್‌ಗೆಂದು ಅವುಗಳ ಬಯಾಸ್‌ನಲ್ಲಿ ಮೆಮೊರಿ ಟೈಮಿಂಗ್ ತಿದ್ದಿರುತ್ತಾರೆ. ಎಎಂಡಿಯ ಡ್ರೈವರ್ ಬಯಾಸಿನ ಸಹಿ ಪರೀಕ್ಷಿಸುತ್ತದೆ, ತಿದ್ದಿದ್ದು ಕಂಡರೆ ಕೆಲಸ ಮಾಡಲು ಒಪ್ಪುವುದಿಲ್ಲ. ಈ ಪರೀಕ್ಷೆಯನ್ನೇ ತಪ್ಪಿಸುವ ಪ್ಯಾಚರ್‌ಗಳು ಸಿಗುತ್ತವೆ, ಆದರೆ ಪ್ರತಿ ಡ್ರೈವರ್ ಅಪ್‌ಡೇಟಿಗೂ ಅದೇ ಗೋಳು. ಸರಿಯಾದ ದಾರಿ ಮೂಲ ಬಯಾಸನ್ನೇ ಮರಳಿ ಹಾಕುವುದು. ಮೊದಲು ಕಾರ್ಡಿನ ಅಂಚಿನಲ್ಲಿ ಸಣ್ಣ ಜಾರು ಸ್ವಿಚ್ ಇದೆಯೇ ನೋಡಿ. ಎಷ್ಟೋ ಮಾದರಿಗಳಲ್ಲಿ ಎರಡು ಬಯಾಸ್ ಇರುತ್ತವೆ. ಪಿಸಿ ಆಫ್ ಮಾಡಿ ಸ್ವಿಚ್ ಆಚೆ ಸರಿಸಿದರೆ ತಿದ್ದದ ಬಯಾಸ್ ಸಿಕ್ಕೀತು. ಸ್ವಿಚ್ ಇಲ್ಲದಿದ್ದರೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಎಂಬ ಸಾಧನದಿಂದ ಈಗಿನ ಬಯಾಸ್ ಉಳಿಸಿಟ್ಟುಕೊಂಡು, ಅದೇ ತಯಾರಕ, ಅದೇ ಮಾದರಿ, ಅದೇ ಮೆಮೊರಿ ಕಂಪನಿಯ ಮೂಲ ಬಯಾಸ್ ಹುಡುಕಿ ಫ್ಲ್ಯಾಶ್ ಮಾಡಬೇಕು, ಅಂದರೆ ಕಾರ್ಡಿಗೆ ಬರೆಯಬೇಕು. ಸ್ಯಾಮ್‌ಸಂಗ್ ಮೆಮೊರಿಯ ಕಾರ್ಡಿಗೆ ಹೈನಿಕ್ಸ್‌ನ ಬಯಾಸ್ ಹಾಕಿದರೆ ಪರದೆಯೇ ಬಾರದೆ ಹೋಗಬಹುದು. ಕೈ ಪಳಗಿಲ್ಲದಿದ್ದರೆ ಗೊತ್ತಿದ್ದವರಿಂದ ಮಾಡಿಸಿ.

ಇದರ ಅಣ್ಣನಂಥದು ನಕಲಿ ಕಾರ್ಡ್. ಹಳೆಯ ಜಿಟಿಎಸ್ 450 ಅಥವಾ ಜಿಟಿಎಕ್ಸ್ 550 ಟಿಐ ಕಾರ್ಡಿಗೆ ಬಯಾಸ್ ತಿದ್ದಿ "1050 ಟಿಐ" ಎಂದು ಹೆಸರಿಟ್ಟು ಮಾರುವುದುಂಟು. ವಿಂಡೋಸ್ ಆ ಸುಳ್ಳು ಹೆಸರನ್ನೇ ತೋರಿಸುತ್ತದೆ, ಡ್ರೈವರ್ ಮಾತ್ರ ಏನು ಮಾಡಿದರೂ ನಿಲ್ಲುವುದಿಲ್ಲ. ಜಿಪಿಯು-ಝಡ್ ತೆರೆದರೆ ಹೆಸರಿಗೂ ಮೊದಲೇ "ಫೇಕ್" ಎಂದು ಬರುತ್ತದೆ. ಅಸಲಿ 1050 ಟಿಐಯ ಚಿಪ್ ಹೆಸರು ಜಿಪಿ107, ಅಲ್ಲಿ ಜಿಎಫ್ ಎಂದು ಶುರುವಾದರೆ ಫರ್ಮಿ. ಹಿಂಬದಿ ವಿಜಿಎ ಪೋರ್ಟ್ ಇದ್ದರೆ ಅಲ್ಲೇ ಅನುಮಾನ ಪಡಿ: ಪ್ಯಾಸ್ಕಲ್ ಚಿಪ್‌ಗಳಲ್ಲಿ ಅನಲಾಗ್ ಔಟ್‌ಪುಟ್ಟೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ಆನ್‌ಲೈನ್ ಮಾರಾಟವಿರಲಿ, ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ ಹಣ ಕೊಡುವ ಮುನ್ನ ಜಿಪಿಯು-ಝಡ್ ಪರದೆ ಕಣ್ಣಾರೆ ನೋಡಿ. ಹಾಗೆಯೇ ಪಿ106-100 ಎಂಬ ಹೆಸರಿನ ಅಗ್ಗದ ಕಾರ್ಡ್ ಸಿಕ್ಕರೆ ಅದು ಮೈನಿಂಗ್‌ಗೆಂದೇ ಮಾಡಿದ್ದು, ಮಾನಿಟರ್ ಪೋರ್ಟಿನಿಂದ ಚಿತ್ರ ಬರುವುದಿಲ್ಲ.

ಎರಡನೆಯ ಅನುಮಾನ, ಕಾರ್ಡೇ ಕೆಟ್ಟಿರುವುದು. "ಡ್ರೈವರ್ ಇಲ್ಲದಾಗ ಚಿತ್ರ ಚೆನ್ನಾಗಿ ಬರುತ್ತದೆ, ಡ್ರೈವರ್ ಹಾಕಿದರೆ ಮಾತ್ರ ಕಪ್ಪಾಗುತ್ತದೆ, ಹಾಗಾದರೆ ತಪ್ಪು ಡ್ರೈವರಿನದ್ದೇ ಅಲ್ಲವೇ" ಎಂದು ಕೇಳುವವರು ಬಹಳ. ತರ್ಕ ಸರಿಯಾಗಿ ಕಂಡರೂ ತೀರ್ಮಾನ ತಪ್ಪು. ಬೇಸಿಕ್ ಮೋಡ್‌ನಲ್ಲಿ ಕಾರ್ಡ್ ಮೆಮೊರಿಯ ಒಂದು ಮೂಲೆಯಲ್ಲಿರುವ ಚಿತ್ರವನ್ನು ಮಾನಿಟರಿಗೆ ಕಳಿಸುತ್ತದೆ, ಅಷ್ಟೇ. ಡ್ರೈವರ್ ಬಂದಾಗಲೇ ಚಿಪ್ಪಿನ ಎಲ್ಲ ಭಾಗ, ಎಲ್ಲ ಮೆಮೊರಿ, ಪೂರ್ತಿ ವೇಗ ಎಚ್ಚರಗೊಳ್ಳುವುದು. ಕೆಟ್ಟ ಮೆಮೊರಿ ಚಿಪ್ ಅಲ್ಲಿಯವರೆಗೆ ಅಡಗಿ ಕೂತಿರುತ್ತದೆ. ಬಯಾಸ್ ಪರದೆಯಲ್ಲೇ ಚುಕ್ಕಿ, ಗೆರೆ, ಬಣ್ಣದ ಚೌಕಗಳು ಕಂಡರೆ ಮೊದಲು ಬೇರೆ ಕೇಬಲ್, ಬೇರೆ ಮಾನಿಟರ್ ಹಾಕಿ ನೋಡಿ. ಆಗಲೂ ಇದ್ದರೆ ಯಾವ ಡ್ರೈವರಿಂದಲೂ ಸರಿಯಾಗದು. ಖಚಿತಪಡಿಸಿಕೊಳ್ಳಲು ಕಾರ್ಡನ್ನು ಇನ್ನೊಬ್ಬರ ಪಿಸಿಯಲ್ಲಿ, ಒಳ್ಳೆಯ ಎಸ್‌ಎಂಪಿಎಸ್ ಜೊತೆ ಹಾಕಿ ನೋಡಿ. ಅಲ್ಲೂ 43 ಬಂದರೆ ವಾರಂಟಿ ಚೀಟಿ ಹುಡುಕುವ ಹೊತ್ತು. ಕಾರ್ಡನ್ನು ಓವನ್‌ನಲ್ಲಿಟ್ಟು ಬೇಯಿಸುವ ವಿಡಿಯೋಗಳನ್ನು ಕಣ್ಣೆತ್ತಿಯೂ ನೋಡಬೇಡಿ. ಬದುಕಿದರೂ ಕೆಲವು ವಾರ, ಆಮೇಲೆ ಆ ಓವನ್‌ನಲ್ಲಿ ಅಡುಗೆ ಮಾಡುವಂತಿಲ್ಲ.

ಹಾಕಿದ ಮೇಲೆ ಪರದೆ ಕಪ್ಪಾದರೆ

ಐದು ನಿಮಿಷ ಕಾದಾಯಿತು, ಚಿತ್ರ ಬರಲಿಲ್ಲ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಯಾಗುತ್ತದೆ, ಬೀಪ್ ಸದ್ದು ಬಂದರೆ ವಿಂಡೋಸ್ ಜೀವಂತ ಇದೆ ಎಂದರ್ಥ. ಆಗ ಕೇಬಲನ್ನು ಕಾರ್ಡಿನ ಇನ್ನೊಂದು ಪೋರ್ಟಿಗೆ ಹಾಕಿ, ಎಚ್‌ಡಿಎಂಐ ಬಿಟ್ಟು ಡಿಸ್‌ಪ್ಲೇಪೋರ್ಟ್ ಪ್ರಯತ್ನಿಸಿ. ಎಚ್‌ಡಿಎಂಐಯಿಂದ ವಿಜಿಎಗೆ ಮಾಡುವ ಅಗ್ಗದ ಕನ್ವರ್ಟರ್ ನಡುವೆ ಇದ್ದರೆ ಮೊದಲ ಆರೋಪಿ ಅದೇ.

ಯಾವುದಕ್ಕೂ ಜಗ್ಗದಿದ್ದರೆ, ಆನ್ ಮಾಡಿ ವಿಂಡೋಸ್ ಲೋಗೋ ಬಂದೊಡನೆ ಪವರ್ ಬಟನ್ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನೇ ರಿಪೇರಿ ಪರದೆಗೆ ಹೋಗುತ್ತದೆ. ಅಲ್ಲಿಂದ ಸೇಫ್ ಮೋಡ್, ಡಿಡಿಯು, ಮತ್ತು ಈ ಸಲ ಒಂದೆರಡು ತಿಂಗಳು ಹಳೆಯ ಡ್ರೈವರ್.

ಚಿತ್ರ ಬಂದು, ಗೇಮ್ ನಡುವೆ ಒಂದೆರಡು ಸೆಕೆಂಡ್ ಕಪ್ಪಾಗಿ ಮರಳುತ್ತಿದ್ದರೆ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 4101 ಹುಡುಕಿ. ಕಾರ್ಡ್ 2 ಸೆಕೆಂಡ್ ಉತ್ತರಿಸದಿದ್ದರೆ ವಿಂಡೋಸ್ ಡ್ರೈವರನ್ನು ಕೊಡವಿ ಎಬ್ಬಿಸುತ್ತದೆ, ಅದರ ದಾಖಲೆ ಅದು. ರಿಜಿಸ್ಟ್ರಿಯಲ್ಲಿ ಈ 2 ಸೆಕೆಂಡನ್ನು 10 ಮಾಡಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ಜ್ವರ ಇಳಿಸುವ ಬದಲು ಥರ್ಮಾಮೀಟರ್ ಒಡೆದಂತೆ ಅದು. ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚಿನ ವೇಗ) ಮಾಡಿದ್ದರೆ ತೆಗೆಯಿರಿ, ಫ್ಯಾನಿನ ಧೂಳು ತೆಗೆಯಿರಿ, ಎಸ್‌ಎಂಪಿಎಸ್ ಬದಲಿಸಿ ನೋಡಿ.

ಎಲ್ಲ ಸರಿಯಾದ ಮೇಲೆ ಎರಡು ಕೆಲಸ ಬಾಕಿ. ಡಿಡಿಯುನ ಆಯ್ಕೆಗಳಲ್ಲಿ ವಿಂಡೋಸ್ ಅಪ್‌ಡೇಟ್ ಡ್ರೈವರ್‌ಗಳನ್ನು ತಡೆದಿದ್ದರೆ ಅದನ್ನು ಮೊದಲಿನಂತೆ ಮಾಡಿ, ಇಲ್ಲದಿದ್ದರೆ ನಾಳೆ ಹೊಸ ಪ್ರಿಂಟರ್ ಹಾಕಿದಾಗ ಅದಕ್ಕೂ ಡ್ರೈವರ್ ಸಿಗುವುದಿಲ್ಲ. ಮತ್ತೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಎಂಬುದು) ನೋಡಿ. 144 ಹರ್ಟ್ಸ್ ಮಾನಿಟರ್ ಕೊಂಡವರು ಹೊಸ ಡ್ರೈವರ್ ಹಾಕಿದ ಮೇಲೆ ಗೊತ್ತಿಲ್ಲದೆಯೇ 60ರಲ್ಲಿ ನಡೆಸುತ್ತಿರುತ್ತಾರೆ.